ಚಕಮಕಿ ಬಂದೂಕಿಗೆ ಸ್ಟಾರ್ ಸ್ಕ್ರೂ

ಸಂಪಾದಕರೇ,

ಅಮೆರಿಕದಲ್ಲಿ ಜನ ಮನೆ ಗ್ಯಾರೇಜಿನಲ್ಲೇ ಹಳೇ ಮಿಲಿಟರಿ ಬಂದೂಕಿಗೆ ಬಿಡಿಭಾಗ ಮಾಡಿಕೊಳ್ಳುತ್ತಾರಂತೆ, ಇದೆಂಥ ಹುಚ್ಚು ಎಂದು ಹೋದ ವಾರ ನಿಮ್ಮ ವಾಚಕರೊಬ್ಬರು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಂಥ ಹುಚ್ಚರಲ್ಲಿ ಒಬ್ಬರ ಗ್ಯಾರೇಜಿನಲ್ಲಿ ನಾನೇ ಕೈ ಕೊಳೆ ಮಾಡಿಕೊಂಡು ಬಂದಿದ್ದೇನೆ. ಹಾಗಾಗಿ ಸುಮ್ನೆ ಕೂರಲು ಆಗಲಿಲ್ಲ.

ನಾನು ಬೆಂಗಳೂರಿನ ಟೂಲ್‌ರೂಮುಗಳಲ್ಲಿ 34 ವರ್ಷ ಟರ್ನರ್ ಆಗಿದ್ದವನು, ಅಂದರೆ ಲೇಥ್ ಯಂತ್ರದ ಮೇಲೆ ಲೋಹ ಕಡೆಯುವವನು. ರಿಟೈರ್ ಆದ ಮೇಲೆ ಮಗಳ ಬಾಣಂತನಕ್ಕೆ ಅಂತ ಹೆಂಡತಿಯ ಜೊತೆ ಓಹಾಯೋಗೆ ಹೋಗಿದ್ದೆ. ಬಾಣಂತನ ಅವಳು ನೋಡಿಕೊಂಡಳು, ನನಗೆ ಅಲ್ಲಿ ಏನು ಕೆಲಸ ಹೇಳಿ? ಮೂರನೇ ದಿನಕ್ಕೇ ಪಕ್ಕದ ಮನೆಯಿಂದ ಲೇಥ್ ಸದ್ದು ಕೇಳಿಸಿತು. ಆ ಸದ್ದು ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗೇ ಅತ್ತ ಹೋಗುತ್ತದೆ. ಆ ಮನೆಯ ಯಜಮಾನರಿಗೂ ನನ್ನದೇ ವಯಸ್ಸು. ಬೆಂಚಿನ ಮೇಲೆ ಬ್ರಿಟಿಷರ ಕಾಲದ ಒಂದು ತ್ರೀ ನಾಟ್ ತ್ರೀ ರೈಫಲ್ ಬಿಚ್ಚಿ ಹರವಿಕೊಂಡಿದ್ದರು. ಹೆಗಲಿಗೆ ಆನಿಸುವ ಮರದ ಕುಂದ ಸೇರುವ ಕಡೆಯ ಉಕ್ಕಿನ ಪಟ್ಟಿಯ ಮೇಲೆ ಕಿರೀಟ, ಕೆಳಗೆ ಜಿ.ಆರ್.ಐ. ಅಂತ ಜಾರ್ಜ್ ದೊರೆಯ ಮೂರು ಅಕ್ಷರ, ಅದರ ಕೆಳಗೆ ಇಷಾಪುರ್, 1942. "ಈ ಊರು ಎಲ್ಲಿದೆ?" ಅಂತ ನನ್ನನ್ನೇ ಕೇಳಿದರು! ಕೋಲ್ಕತ್ತಾ ಹತ್ತಿರ, ಹೂಗ್ಲಿ ದಂಡೆಯ ಮೇಲೆ, ನಮ್ಮ ರೈಫಲ್ ಫ್ಯಾಕ್ಟರಿ ಇರುವ ಊರು ಅಂದೆ. ಮನುಷ್ಯ ಎದ್ದು ಬಂದು ಕೈ ಕುಲುಕಿದರು, ಏನೋ ನಾನೇ ಅದನ್ನು ಮಾಡಿಕೊಟ್ಟವನ ಹಾಗೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥ ರೈಫಲ್‌ಗಳು ಅಲ್ಲಿ ಕಡಲೆಪುರಿ ಹಾಗೆ ಬಿಕರಿಯಾದವು. 1968ರಲ್ಲಿ ಕಾನೂನು ಬಿಗಿ ಮಾಡುವವರೆಗೆ ಅಂಚೆಯಲ್ಲೇ ತರಿಸಿಕೊಳ್ಳಬಹುದಿತ್ತು. ಕೊಂಡವರು ಬೇಟೆಗೆ ಹಗುರ ಆಗಲಿ ಅಂತ ಮುಂದಿನ ಮರವನ್ನು ಗರಗಸದಲ್ಲಿ ಕೊಯ್ದು ಬಿಸಾಕಿದರು. ಈಗಿನ ಹವ್ಯಾಸಿಗಳು ಮಾಡುವುದು ಅದರ ಉಲ್ಟಾ. ಕೊಯ್ದದ್ದಕ್ಕೆ ಹೊಸ ಮರ ಕೂರಿಸುತ್ತಾರೆ, ಕಳೆದುಹೋದ ಬಳೆ, ಪಿನ್ನು, ಸ್ಪ್ರಿಂಗು, ಸ್ಕ್ರೂ ಹುಡುಕುತ್ತಾರೆ, ಸಿಗದಿದ್ದರೆ ಲೇಥ್ ಮೇಲೆ ಮಾಡಿಕೊಳ್ಳುತ್ತಾರೆ. ಇದರಲ್ಲಿ ಹೊಸ ಬಂದೂಕು ಹುಟ್ಟುವುದಿಲ್ಲ. ಹಳೇ ಅಂಬಾಸಿಡರ್ ಕಾರಿಗೆ ಡೋರ್ ಹ್ಯಾಂಡಲ್ ಹುಡುಕುವ ನಮ್ಮವರ ಜಾತಿಯೇ ಇವರೂ.

ಆ ರೈಫಲ್‌ನಲ್ಲಿ ಕಳೆದುಹೋಗಿದ್ದದ್ದು ಮೂತಿಯ ಹತ್ತಿರ, ಬಯೋನೆಟ್ ಸಿಕ್ಕಿಸುವ ಉಕ್ಕಿನ ಟೋಪಿಯನ್ನು ಹಿಡಿಯುವ ಒಂದು ಸ್ಕ್ರೂ. ಯಾರೋ ಪುಣ್ಯಾತ್ಮರು ಅಲ್ಲಿಗೆ ಅಮೆರಿಕದ ಸ್ಕ್ರೂ ಒಂದನ್ನು ಬಲವಂತವಾಗಿ ತಿರುಗಿಸಿ ಇಟ್ಟಿದ್ದರು. ಅಮೆರಿಕದ ಸ್ಕ್ರೂವಿನ ಥ್ರೆಡ್, ಅಂದರೆ ಸುತ್ತಿನ ಹಲ್ಲು, 60 ಡಿಗ್ರಿ ಕೋನದ್ದು, ಮೆಟ್ರಿಕ್ ಕೂಡ 60. ಇಂಗ್ಲಿಷರ ವಿಟ್‌ವರ್ತ್ ಥ್ರೆಡ್ 55 ಡಿಗ್ರಿ, 1841ರಿಂದಲೂ ಹಾಗೇ. ಹೊರಗಿನಿಂದ ಕಣ್ಣಿಗೆ ಒಂದೇ ಥರ ಕಾಣುತ್ತದೆ, ಒಳಗೆ ಹಲ್ಲು ಹಲ್ಲನ್ನೇ ತಿನ್ನುತ್ತಿರುತ್ತದೆ. ಇದರ ಮೇಲೆ ಇನ್ನೊಂದು ತಲೆನೋವು: ಕೋನ ವಿಟ್‌ವರ್ತ್‌ನದ್ದೇ ಆದರೂ ಇಂಚಿಗೆ ಎಷ್ಟು ಸುತ್ತು ಅನ್ನುವ ಲೆಕ್ಕ ಆ ಬಂದೂಕು ಮಾಡಿದವರದ್ದೇ ಬೇರೆ. ಅಂಗಡಿಯಲ್ಲಿ ಸಿಗುವ, ಸ್ಕ್ರೂವಿಗೆ ಥ್ರೆಡ್ ಕೊರೆಯುವ ಯಾವ ಡೈಯೂ ಹೊಂದುವುದಿಲ್ಲ. ಸುತ್ತಿನ ಅಂತರ ಅಳೆಯುವ ಪಿಚ್ ಗೇಜ್ ಹಿಡಿದು ನೋಡಿ, ಟೂಲನ್ನು 55ಕ್ಕೆ ಸಾಣೆ ಹಿಡಿದು, ಲೇಥಿನ ಗೇರ್ ಬದಲಾಯಿಸಿ ಥ್ರೆಡ್ ತೆಗೆದೆ. ಮೊದಲನೆಯದು ಸಡಿಲ ಆಯಿತು, ಎರಡನೆಯದು ಬಿಗಿ. ಮೂರನೆಯದು ಬೆರಳಿನಲ್ಲೇ ಹೋಗಿ ಕೂತಿತು. ಅಂದು ರಾತ್ರಿ ಊಟಕ್ಕೆ ಒಂದೂವರೆ ಗಂಟೆ ತಡವಾಗಿ ಬೈಸಿಕೊಂಡೆ, ಅದು ಬೇರೆ ವಿಷಯ.

ಆಮೇಲೆ ಅವರು ಮಾಡಿದ ಕೆಲಸ ನೋಡಿ ನನಗೆ ನಾಚಿಕೆಯಾಯಿತು. ನಾನಾಗಿದ್ದರೆ ಹಳೆಯದರ ಹಾಗೇ ಕಾಣಲಿ ಅಂತ ಕಪ್ಪು ಮಾಡಿ ಬಿಡುತ್ತಿದ್ದೆ. ಅವರು ಕಪ್ಪು ಮಾಡುವ ಮೊದಲು ಸ್ಕ್ರೂವಿನ ತುದಿಗೆ ಸಣ್ಣದೊಂದು ಚುಕ್ಕೆ ಪಂಚ್ ಮಾಡಿದರು. ಒಂದು ಪುಸ್ತಕದಲ್ಲಿ ತಾರೀಕು ಹಾಕಿ, ಇದು ಹೊಸದು, ಮಾಡಿದವರು ಇಂಥವರು ಎಂದು ಬರೆದಿಟ್ಟರು. ನಾಳೆ ಕೊಳ್ಳುವವರಿಗೆ ಮೋಸ ಆಗಬಾರದಲ್ವಾ ಅಂದರು.

ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಮಾತ್ರ ಅವರು ಮುಟ್ಟಲಿಲ್ಲ. ನಳಿಗೆಯನ್ನೂ ಮುಟ್ಟಲಿಲ್ಲ. ಮದ್ದು ಉರಿದಾಗ ಅದರ ಒತ್ತಡ ತಡೆಯುವ ಭಾಗಗಳವು, ಅಳತೆ ಹೆಚ್ಚುಕಮ್ಮಿಯಾದರೆ ತೋಟಾ ಹಿಂದಕ್ಕೆ ಒಡೆದು ಮುಖಕ್ಕೆ ಬರಬಹುದು. ಇಂಗ್ಲೆಂಡಿನಲ್ಲಿ ಇದಕ್ಕಂತಲೇ ಪ್ರೂಫ್ ಹೌಸ್‌ಗಳಿವೆ. ಬರ್ಮಿಂಗ್‌ಹ್ಯಾಮಿನದು 1813ರದ್ದು, ಲಂಡನ್ನಿನದು ಇನ್ನೂ ಹಳೆಯದು. ಅಲ್ಲಿ ಜಾಸ್ತಿ ಮದ್ದು ಹಾಕಿ ಹೊಡೆದು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಕೈಯಲ್ಲಿ ಲೇಥ್ ಇದೆ ಅಂತ ಅಂಥ ಭಾಗಗಳನ್ನೂ ಮನೆಯಲ್ಲೇ ಮಾಡಿಕೊಳ್ಳುವ ಭೂಪರು ಅಮೆರಿಕದಲ್ಲಿ ಇದ್ದಾರೆ. ಅವರ ವಿಷಯದಲ್ಲಿ ನಿಮ್ಮ ವಾಚಕರು ಬೈದದ್ದು ಸರಿಯೇ, ನನ್ನದೂ ಎರಡು ಬೈಗುಳ ಸೇರಿಸಿಕೊಳ್ಳಲಿ.

ನಮ್ಮಲ್ಲಿ ಈ ಪ್ರಶ್ನೆಯೇ ಇಲ್ಲ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸುವುದಕ್ಕಷ್ಟೇ ಅಲ್ಲ, ರಿಪೇರಿ ಅಂಗಡಿ ಇಡುವುದಕ್ಕೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಆದ ಮೇಲೆ ಸಿಕ್ಕಿಬಿದ್ದರೆ ಕನಿಷ್ಠ 7 ವರ್ಷ ಜೈಲು. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಲೇಥ್ ಹಚ್ಚಿ ಭಾಗ ಮಾಡುವುದಕ್ಕಲ್ಲ. ಇದು ಹಾಗೇ ಇರಲಿ ಅಂತಲೇ ನನ್ನ ಅಭಿಪ್ರಾಯ. ಗಲ್ಲಿಗೊಂದು ಲೇಥ್ ಇರುವ ಊರು ನಮ್ಮದು.

ಆದರೆ ರಿಪೇರಿ ಕಷ್ಟ ಅಂತ ನಾವು ಹಳೇ ಬಂದೂಕುಗಳಿಗೆ ಮಾಡುತ್ತಿರುವುದಾದರೂ ಏನು? ಮಡಿಕೇರಿ ಕಡೆಯ ನನ್ನ ಸ್ನೇಹಿತರ ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆಯ ಕೇಪಿನ ಕೋವಿ ಇದೆ. ಸೆಪ್ಟೆಂಬರಿನಲ್ಲಿ ಕೊಡವರ ಕೈಲ್‌ಪೊದ್ ಹಬ್ಬ ಬಂದಾಗ ಅದಕ್ಕೆ ಪೂಜೆ. ಮೊಮ್ಮಗ ಭಕ್ತಿಯಿಂದ ಎಮರಿ ಪೇಪರ್ ಹಿಡಿದು ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಾನೆ. ಮಾಡಿದವರ ಹೆಸರು, ಮುದ್ರೆ, ಪಕ್ಕದ ಹೂಬಳ್ಳಿ ಕೆತ್ತನೆ, ಎಲ್ಲಾ ಹೋಯಿತು. ಒಂದು ಹನಿ ಎಣ್ಣೆ, ಒಂದು ಹತ್ತಿ ಬಟ್ಟೆ ಸಾಕಾಗಿತ್ತು. ಪಾಪ, ಹುಡುಗನಿಗೆ ಹೇಳಿದವರೂ ಇಲ್ಲ.

ಮನೆಯವರನ್ನಾದರೂ ಬಿಡೋಣ. ಮೊನ್ನೆ ನಮ್ಮ ರಾಜ್ಯದ್ದೇ ಒಂದು ಮ್ಯೂಸಿಯಮ್ಮಿಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಗಾಜಿನ ಒಳಗೆ ಚಕಮಕಿ ಕಲ್ಲಿನ ಬಂದೂಕು, 18ನೇ ಶತಮಾನ ಅಂತ ಚೀಟಿ. ಮರದಿಂದ ಉಕ್ಕಿನವರೆಗೆ ಕಪ್ಪು ಎನಾಮೆಲ್ ಪೇಂಟ್. ಕುದುರೆ ಅಂತ ಕರೆಯುವ ಬಡಿಯುವ ಸುತ್ತಿಗೆಯ ಬಾಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯಲು ಮೇಲಿನಿಂದ ಒಂದು ಸ್ಕ್ರೂ ಇರುತ್ತದೆ, ಆ ಬಂದೂಕಿನ ಅಂದವೆಲ್ಲ ಅಲ್ಲೇ. ಅದರ ಜಾಗದಲ್ಲಿ ಫಳಫಳ ಹೊಳೆಯುವ, ತಲೆಯ ಮೇಲೆ ಪ್ಲಸ್ ಗುರುತಿನ ಗೀರು ಇರುವ ಸ್ಟಾರ್ ಸ್ಕ್ರೂ! ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. "ತಾತ, ನಮ್ಮ ಸ್ವಿಚ್ ಬೋರ್ಡಲ್ಲಿ ಇರೋದೇ ಅಲ್ವಾ ಇದು?" ಅಂದಳು ಮೊಮ್ಮಗಳು. ಅಲ್ಲಿದ್ದ ಸಿಬ್ಬಂದಿಗೆ ತೋರಿಸಿದೆ. "ಬಿದ್ದೋಗ್ತಿತ್ತು ಸಾರ್, ಅದಕ್ಕೆ ಹಾಕಿದ್ದು" ಅಂದರು. ಅವರದೂ ತಪ್ಪಲ್ಲ, ಕೈಗೆ ಸಿಕ್ಕಿದ್ದು ಹಾಕಿದ್ದಾರೆ.

ಆ ಬಂದೂಕಿನಿಂದ ಇನ್ನು ಯಾರೂ ಗುಂಡು ಹೊಡೆಯುವುದಿಲ್ಲ, ಹೊಡೆಯುವುದೂ ಬೇಡ. ಈ ಊರಿನಲ್ಲಿ ವಿಟ್‌ವರ್ತ್ ಥ್ರೆಡ್ ತೆಗೆದ ಕೈಗಳು ಇನ್ನೂ ಎಷ್ಟೋ ಇವೆ. ಎಚ್‌ಎಂಟಿಯಲ್ಲಿ ಕೆಲಸ ಕಲಿತವರು ಪಾರ್ಕಿನಲ್ಲಿ ಕೂತು ಬಿಪಿ ಮಾತ್ರೆ ಬಗ್ಗೆ ಮಾತಾಡುತ್ತಿದ್ದಾರೆ. ಪುರಾತತ್ವ ಇಲಾಖೆಯವರು ಪೊಲೀಸರ ಒಪ್ಪಿಗೆ ತೆಗೆದುಕೊಂಡು, ಮ್ಯೂಸಿಯಮ್ಮಿನ ಒಳಗೇ, ಅಧಿಕಾರಿಗಳ ಎದುರಿಗೇ ಇಂಥವರಿಂದ ಸ್ಕ್ರೂ, ಪಿನ್ನು, ಮರದ ಕೆಲಸ ಮಾಡಿಸಲಿ. ನಳಿಗೆ ಮುಚ್ಚಿಯೇ ಇರಲಿ. ಮಾಡಿದ ಪ್ರತಿಯೊಂದಕ್ಕೂ ಚುಕ್ಕೆ ಪಂಚ್ ಮಾಡಿ ಪುಸ್ತಕದಲ್ಲಿ ಬರೆದಿಡಲಿ.

ಆ ಸ್ಟಾರ್ ಸ್ಕ್ರೂ ಬದಲಾಯಿಸಲು ನನಗೆ ಬೇಕಾಗುವುದು ಒಂದು ಮಧ್ಯಾಹ್ನ, ಒಂದು ಲೇಥ್. ಕೂಲಿ ಬೇಡ, ಬಸ್ ಚಾರ್ಜೂ ನನ್ನದೇ. ಆ ಮ್ಯೂಸಿಯಮ್ಮಿನವರು ಇದನ್ನು ಓದಿದರೆ ನಿಮ್ಮ ಪತ್ರಿಕೆಯ ಮೂಲಕ ಹೇಳಿ ಕಳಿಸಲಿ. ಮಂಗಳವಾರ ಒಂದು ಬಿಟ್ಟು ಯಾವತ್ತಾದರೂ ಸರಿ, ಮಂಗಳವಾರ ನನಗೆ ಕಣ್ಣಾಸ್ಪತ್ರೆ ಇದೆ.

— ಒಬ್ಬ ನಿವೃತ್ತ ಟರ್ನರ್, ಬೆಂಗಳೂರು