ಬ್ಯಾಕ್ಟೀರಿಯಾ ಯಾವ ವಿಭಾಗಕ್ಕೆ ಸೇರಿದ್ದು? ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಭೌತಶಾಸ್ತ್ರ ಕಲಿಸುವವಳು. ಬ್ಯಾಕ್ಟೀರಿಯಾ ಈಜುವ ವೇಗವನ್ನು ವಿದ್ಯಾರ್ಥಿಗಳಿಂದಲೇ ಅಳತೆ ಮಾಡಿಸೋಣವೆಂದು ಒಂದು ಸೂಕ್ಷ್ಮದರ್ಶಕಕ್ಕೆ ಅರ್ಜಿ ಹಾಕಿದ್ದೆ. ‘ಇದು ಜೀವಶಾಸ್ತ್ರಕ್ಕೆ ಸೇರಿದ್ದು’ ಎಂಬ ಷರಾದೊಂದಿಗೆ ವಾಪಸ್ ಬಂತು. ಜೀವಶಾಸ್ತ್ರದ ಸಹೋದ್ಯೋಗಿಯ ಹೆಸರಲ್ಲಿ ಹಾಕಿದೆವು. ‘ಇದು ಭೌತಶಾಸ್ತ್ರ’ ಎಂದು ಅದೂ ವಾಪಸ್. ಎರಡೂ ಷರಾಗಳ ಕೈಬರಹ ಒಂದೇ ಆಗಿತ್ತು, ಅದು ಬೇರೆ ಮಾತು.

ಇ. ಕೋಲೈ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಸೆಕೆಂಡಿಗೆ ತನ್ನ ಮೈಯುದ್ದದ ಹತ್ತು ಪಟ್ಟು ದೂರ ಈಜುತ್ತದೆ. ನಾವು ಈಜುವಾಗ ಕೈಕಾಲು ಆಡಿಸುವುದನ್ನು ನಿಲ್ಲಿಸಿದರೂ ಒಂದಿಷ್ಟು ಮುಂದಕ್ಕೆ ಜಾರುತ್ತೇವಲ್ಲ, ಅದಕ್ಕೆ ಆ ಭಾಗ್ಯವಿಲ್ಲ. ಬಾಲ ನಿಂತಿತೋ, ಒಂದು ಪರಮಾಣುವಿನ ಅಗಲದಷ್ಟು ದೂರ ಹೋಗುವುದರೊಳಗೆ ಅದೂ ನಿಂತಿತು. ಅಷ್ಟು ಪುಟ್ಟ ಮೈಗೆ ಜಡತ್ವ ಲೆಕ್ಕಕ್ಕೇ ಇಲ್ಲ, ಇರುವುದೆಲ್ಲ ನೀರಿನ ಸ್ನಿಗ್ಧತೆ, ಅಂದರೆ ಅಂಟಿ ಹಿಡಿದು ತಡೆಯುವ ಗುಣ. ಹುಟ್ಟು ಹಾಕಿದ ಹಾಗೆ ಹಿಂದಕ್ಕೂ ಮುಂದಕ್ಕೂ ಬಡಿದರೆ ಹೋದಷ್ಟೇ ದೂರ ವಾಪಸ್ ಬರಬೇಕಾಗುತ್ತದೆ. 1976ರ ಒಂದು ಉಪನ್ಯಾಸದಲ್ಲಿ ಇದನ್ನೆಲ್ಲ ಬಿಡಿಸಿಟ್ಟವರು ಎಡ್ವರ್ಡ್ ಪರ್ಸೆಲ್, ಭೌತವಿಜ್ಞಾನಿ. ಆದ್ದರಿಂದಲೇ ಸುರುಳಿ ಬಾಲ, ಅದನ್ನು ತಿರುಗಿಸಲು ಬುಡದಲ್ಲೊಂದು ಮೋಟಾರು. ಪ್ರೋಟಾನುಗಳು ಕೋಶದೊಳಕ್ಕೆ ಹರಿಯುವ ರಭಸಕ್ಕೆ ಅದು ಸೆಕೆಂಡಿಗೆ ನೂರರಷ್ಟು ಸುತ್ತು ಹಾಕುತ್ತದೆ.

ಬಾಲ ನಿಜವಾಗಿ ತಿರುಗುತ್ತದೆಯೋ, ಬರೀ ಬಳುಕುತ್ತದೆಯೋ ಎಂಬ ಅನುಮಾನ ಬಹಳ ಕಾಲ ಇತ್ತು. 1974ರಲ್ಲಿ ಬಾಲವನ್ನು ಗಾಜಿಗೆ ಅಂಟಿಸಿ ನೋಡಿದರು. ಬಾಲ ಅಲುಗಲಾರದು, ಆದರೆ ಮೋಟಾರು ಬಿಡುವುದಿಲ್ಲ. ಬ್ಯಾಕ್ಟೀರಿಯಾದ ಮೈಯೇ ಗಿರಗಿರನೆ ಸುತ್ತತೊಡಗಿತು. ಒಂದಷ್ಟು ಹೊತ್ತು ಈ ಕಡೆಗೆ, ಥಟ್ಟನೆ ಆ ಕಡೆಗೆ. ಹದಿನೆಂಟರ ಹುಡುಗಿಯೊಬ್ಬಳು ಇದನ್ನು ತನ್ನ ಕಣ್ಣಾರೆ ನೋಡಲಿ ಎನ್ನುವುದಷ್ಟೇ ನನ್ನ ಅರ್ಜಿಯ ಸಾರ.

ಇದೆಲ್ಲ ಕುತೂಹಲದ ಆಟವಾಯಿತು, ಉಪಯೋಗವೇನು ಎಂದು ಕೇಳುವಿರಿ. ವೈರಸ್ಸಿಗೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುವುದು ವೈರಸ್ ತಗುಲಿದ ಮೇಲೋ, ಅದಕ್ಕೂ ಮೊದಲೋ? 1943ರಲ್ಲಿ ಇದನ್ನು ಇತ್ಯರ್ಥ ಮಾಡಿದ್ದು ವೈದ್ಯಕೀಯ ಓದಿದ ಲೂರಿಯಾ, ಭೌತಶಾಸ್ತ್ರ ಓದಿದ ಡೆಲ್‌ಬ್ರುಕ್. ಬೇರೆ ಬೇರೆ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ವೈರಸ್ ತಗುಲಿಸಿ, ಒಂದೊಂದರಲ್ಲೂ ಬದುಕುಳಿದವನ್ನು ಎಣಿಸಿದರು. ಕೆಲವದರಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ನೂರಾರು. ವೈರಸ್ ತಗುಲಿದ ಮೇಲೆ ಹುಟ್ಟುವುದಾದರೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕ ಸಿಗಬೇಕಿತ್ತು. ಆ ಏರುಪೇರೇ ಉತ್ತರ ಹೇಳಿತು: ಮೊದಲೇ ಹುಟ್ಟಿರುತ್ತವೆ. ಔಷಧಕ್ಕೆ ಜಗ್ಗದ ರೋಗಾಣುಗಳ ಬಗ್ಗೆ ಇಂದು ಯೋಚಿಸುವವರಿಗೂ ಆ ಲೆಕ್ಕ ಬೇಕು. ಅವರಿಬ್ಬರ ಅರ್ಜಿಯನ್ನು ನಿಮ್ಮ ಕಚೇರಿ ಯಾವ ವಿಭಾಗಕ್ಕೆ ಕಳಿಸುತ್ತಿತ್ತು?

ನಮೂನೆಯಲ್ಲಿ ಎರಡು ವಿಷಯ ಬರೆಯಲು ಜಾಗ ಕೊಡಿ. ಪರಿಶೀಲನೆಗೆ ಎರಡೂ ಕಡೆಯವರನ್ನು ಕೂರಿಸಿ. ಭೌತಶಾಸ್ತ್ರದ ಮಕ್ಕಳಿಗೆ ಒಂದು ಸೆಮಿಸ್ಟರಾದರೂ ಸೂಕ್ಷ್ಮಜೀವಿ ಪ್ರಯೋಗಾಲಯದ ಬಾಗಿಲು ತೆರೆಯಲಿ.

ಅರ್ಜಿಯನ್ನು ಮೂರನೇ ಸಲ ಕಳಿಸುತ್ತಿದ್ದೇನೆ. ‘ವಿಷಯ’ದ ಕಲಮಿನಲ್ಲಿ ಎರಡೂ ಹೆಸರು ಬರೆದಿದ್ದೇನೆ. ಜಾಗ ಸಾಲದೆ ಅಕ್ಷರ ಪಕ್ಕದ ಕಲಮಿಗೆ ನುಗ್ಗಿದೆ, ಮನ್ನಿಸಿ.

ಇತಿ,
ಒಬ್ಬ ಅಧ್ಯಾಪಕಿ