ಗೂಡು ಮೊದಲು, ಮರಿ ಆಮೇಲೆ

ಕೂಸೇ,

ಕವಳದ ತಟ್ಟೆಯಲ್ಲಿ ವೀಳ್ಯದೆಲೆಯ ಕೆಳಗೆ ಮಡಚಿಟ್ಟಿದ್ದ, ಇನ್ನೊಂದು ನಾಯಿಮರಿ ತರೋಣ ಅನ್ನುವ ನಿನ್ನ ಅರ್ಜಿ ಸಿಕ್ಕಿತು. ನಾಲ್ಕು ಪುಟ! ಗಣಿತದ ನೋಟ್‌ಬುಕ್ಕಿನಿಂದ ಹರಿದಿದ್ದೀಯ. ಅದನ್ನು ಆಯಿಗೆ ಹೇಳಿಲ್ಲ. ನೀನು ಬರೆದು ಕೇಳಿದ್ದಕ್ಕೆ ನಾನೂ ಬರೆದೇ ಉತ್ತರ ಕೊಡುತ್ತಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನೀನು ಶುರು ಮಾಡುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ಇಬ್ಬರಿಗೂ ಆಯಿಯ ಬೈಗುಳ.

ನಿನ್ನ ಮೊದಲ ಪುಟ ಓದಿ ನಕ್ಕೆ. "ಕೆಂಚ ತೋಟದ ಮೇಲಿನ ತಲೆಯಲ್ಲಿ ಬೊಗಳಿದರೆ ಮಂಗಗಳು ಕೆಳಗಿನ ತಲೆಗೆ ಹೋಗುತ್ತವೆ. ನಮ್ಮಲ್ಲಿ ಇರುವುದು ಒಂದೇ ನಾಯಿ ಅಂತ ಅವಕ್ಕೂ ಲೆಕ್ಕ ಗೊತ್ತು." ಇದು ನಿಜ. ಹೋದ ವಾರ ಮಂಗ ಚೀಪಿ ಬಿಸಾಕಿದ ಎಳೆ ಅಡಿಕೆಯನ್ನೇ ಒಂದು ಬುಟ್ಟಿ ಹೆಕ್ಕಿದ್ದೇನೆ. ನಮ್ಮ ತೋಟದ ಬಾಳೆಹಣ್ಣು ನಾವು ತಿಂದು ಎಷ್ಟು ದಿನವಾಯಿತೋ. ಕೆಂಚನಿಗೂ ಈಗ ಒಂಬತ್ತು ವರ್ಷ ಹತ್ತಿರ ಬಂತು. ಮೊದಲೆಲ್ಲ ಒಂದೇ ಜಿಗಿತಕ್ಕೆ ಎತ್ತರದ ಧರೆ ಹತ್ತುತ್ತಿದ್ದವನು ಈಗ ಕೆಳಗೆ ನಿಂತು ನನ್ನ ಮುಖ ನೋಡುತ್ತಾನೆ.

ಖರ್ಚಿನ ಪಟ್ಟಿಯೂ ಚೆನ್ನಾಗಿದೆ. ಅಕ್ಕಿ, ಹಾಲು, ಇಂಜೆಕ್ಷನ್ನು ಎಲ್ಲ ಬರೆದಿದ್ದೀಯ. ಮುಂದೆ ಮರಿ ಹಾಕದಂತೆ ಮಾಡಿಸುವ ಆಪರೇಷನ್ ಮಾತ್ರ ಬಿಟ್ಟಿದ್ದೀಯ. ಮರೆತಿದ್ದೋ, ಬೇಕೆಂದೇ ಬಿಟ್ಟಿದ್ದೋ? ನಿನ್ನ ಗೆಳತಿಯ ಮನೆಯಲ್ಲಿ ಹುಟ್ಟಿದ ನಾಲ್ಕು ಮರಿಗಳಲ್ಲಿ ಮೂರು ಗಂಡು ಮರಿಗಳನ್ನು ಜನ ಬಂದು ಎತ್ತಿಕೊಂಡು ಹೋದರು, ಉಳಿದಿದ್ದು ಈ ಹೆಣ್ಣು ಮರಿ ಒಂದೇ. ಅದು ಯಾಕೆ ಉಳಿಯಿತು ಅಂತ ನನಗೂ ಗೊತ್ತು. ಹಾಗೆ ಉಳಿದ ಮರಿಗಳನ್ನು ರಾತ್ರಿ ಚೀಲದಲ್ಲಿ ತುಂಬಿ ಪೇಟೆಯ ಮೂಲೆಯಲ್ಲಿ ಬಿಟ್ಟು ಬರುವವರನ್ನೂ ಕಂಡಿದ್ದೇನೆ. ಅಜ್ಜಿ "ಹೆಣ್ಣು ಮರಿಯಾ?" ಅಂದಾಗ ನಾನೂ ಹೂಂ ಅಂತ ತಲೆ ಆಡಿಸಿದೆ. ಆಗ ನೀನು ಏನೂ ಮಾತಾಡದೆ ನನ್ನನ್ನೇ ನೋಡಿದೆಯಲ್ಲ, ಆ ನೋಟಕ್ಕೆ ಉತ್ತರ ಕೊಡುವುದು ಕಷ್ಟ.

ನೀನು ಮೂರು ಸಲ ಕೇಳಿದೆ, ನಾನು ಮೂರು ಕಾರಣ ಹೇಳಿದೆ. ಮೊದಲು ದುಡ್ಡು ಅಂದೆ. ಆಮೇಲೆ ಉಣುಗು ಅಂದೆ. ಇದು ನೆಪವಾದರೂ ಸುಳ್ಳಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಸಿದ್ದಾಪುರ ಸೀಮೆಯನ್ನೂ ಬಿಟ್ಟಿಲ್ಲ. ಬೇಸಿಗೆಯಲ್ಲಿ ಸೊಪ್ಪಿಗೆ ಹೋಗುವಾಗ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದು ಸುಮ್ನೆ ಅಲ್ಲ. ಬೆಟ್ಟ ಸುತ್ತಿ ಬಂದ ನಾಯಿಯ ಕಿವಿಯ ಸಂದಿಯಲ್ಲಿ ಉಣುಗು ಮನೆಯವರೆಗೂ ಬರುತ್ತದೆ. ಹಾಗಾಗಿ ಎರಡು ನಾಯಿಯ ಮೈಯನ್ನು ದಿನಾ ಸಂಜೆ ತಡವಿ ನೋಡುವುದು ನಿನ್ನ ಕೆಲಸ. ಪರೀಕ್ಷೆ ಇದ್ದರೂ.

ಮೂರನೇ ಸಲ ಅಜ್ಜಿಯನ್ನು ಮುಂದೆ ಮಾಡಿದೆ. ಅದು ನನ್ನ ಹೇಡಿತನ.

ನಿಜವಾದ ಕಾರಣ ಬೇರೆ. ಮೊದಲು ನಮ್ಮಲ್ಲಿದ್ದ ನಾಯಿ, ಕರಿಯ, ನೆನಪಿದ್ದಾನಾ? ಆಗ ನಿನಗೆ ಆರು ವರ್ಷ. ಕಾಡಿಗೆ ಹೋದವನು ವಾಪಸ್ ಬರಲೇ ಇಲ್ಲ ಅಂತ ನಿನಗೆ ಹೇಳಿದವನು ನಾನು. ಅದು ಸುಳ್ಳು.

ಅಡಿಕೆ ಕೊನೆಕೊಯ್ಲಿನ ದಿನಗಳು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಕರಿಯ ಅದರ ಮೇಲೆಲ್ಲ ಓಡಾಡಿ, ಮೂಲೆಯಲ್ಲಿ ಕಾಲೂ ಎತ್ತಿದ. ಸಿಟ್ಟು ಬಂದು ಅವನನ್ನು ಕೊಟ್ಟಿಗೆಯ ಹಿಂದಿನ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದೆ. ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿದೆವು. ಏಳುವಾಗ ಕರಿಯನನ್ನು ಬಿಚ್ಚಬೇಕು ಅಂತ ನೆನಪಾಯಿತು. ಮರೆತಿದ್ದೆ ಅಂತ ಹೇಳಲಿಕ್ಕೂ ಬರುವುದಿಲ್ಲ ನೋಡು, ನೆನಪಾಗಿತ್ತು. ಸೊಂಟ ನೋಯುತ್ತಿತ್ತು. ಬೆಳಿಗ್ಗೆ ಬಿಚ್ಚಿದರಾಯ್ತು ಅಂದುಕೊಂಡು ಮಲಗಿದೆ.

ಯಾವ ಹೊತ್ತೋ, ಒಂದು ಸಲ ಬೊಗಳಿದ್ದು ಕೇಳಿತು. ಒಂದೇ ಸಲ. ಆಮೇಲೆ ದನಗಳು ದಡಬಡ ಎದ್ದು ನಿಂತ ಸದ್ದು. ಬ್ಯಾಟರಿ ಹಿಡಿದು ಹೋದರೆ ಸರಪಳಿ ಇತ್ತು, ಹರಿದ ಕೊರಳಪಟ್ಟಿ ಇತ್ತು. ಕಂಬದ ಸುತ್ತ ಮಣ್ಣು ಕೆದರಿ ಒಂದು ವೃತ್ತ ಬಿದ್ದಿತ್ತು. ಸರಪಳಿ ಎಷ್ಟು ಉದ್ದವೋ ವೃತ್ತವೂ ಅಷ್ಟೇ ದೊಡ್ಡದು.

ಚಿರತೆಯ ಮೇಲೆ ನನಗೆ ಸಿಟ್ಟಿಲ್ಲ. ಊರಂಚಿನಲ್ಲಿ ಓಡಾಡುವ ಚಿರತೆಗೆ ನಾಯಿ ಅಂದರೆ ಸುಲಭದ ಊಟ, ಅದರಲ್ಲೂ ಕಟ್ಟಿಹಾಕಿದ ನಾಯಿ. ಬಿಟ್ಟಿದ್ದರೆ ಜಗಲಿಗಾದರೂ ಓಡಿ ಬರುತ್ತಿದ್ದನೇನೋ. ಆ ಸರಪಳಿಯನ್ನು ಬೆಳಗಾಗುವ ಮೊದಲೇ ಗೊಬ್ಬರಗುಂಡಿಯಲ್ಲಿ ಹುಗಿದೆ. ಕತ್ತಲಾದ ಕೂಡಲೇ ಕೆಂಚನನ್ನು ಜಗಲಿಯೊಳಗೆ ಕೂಡಿ ಬಾಗಿಲು ಹಾಕುವುದು ಯಾಕೆ, ಅವನಿಗೆ ಸರಪಳಿಯೇ ಯಾಕಿಲ್ಲ ಅಂತ ನೀನೊಮ್ಮೆ ಕೇಳಿದ್ದೆ. "ನಮ್ಮನೆ ಪದ್ಧತಿ" ಅಂದಿದ್ದೆ.

ಜಗಲಿಯಲ್ಲಿ ಎರಡು ನಾಯಿಗೆ ಜಾಗವಿಲ್ಲ, ಅಜ್ಜನ ಮಂಚ ಬೇರೆ ಅಲ್ಲೇ ಇದೆ. ಅದಕ್ಕೇ ಗೂಡು ಮೊದಲು, ಮರಿ ಆಮೇಲೆ. ಕೊಟ್ಟಿಗೆಗೂ ಬಚ್ಚಲಿಗೂ ನಡುವಿನ ಮೂಲೆಯಲ್ಲಿ ಮಾಡೋಣ. ಬಚ್ಚಲ ಒಲೆಯ ಗೋಡೆ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಕೆಳಗೆ ಸಿಮೆಂಟು, ಸುತ್ತ ಕಬ್ಬಿಣದ ಸರಳು, ಪಂಜ ತೂರದಷ್ಟು ಹತ್ತಿರ ಹತ್ತಿರ. ಮೇಲೂ ಸರಳು ಬೇಕು. ಬರೀ ಹಂಚು ಹೊದಿಸಿದರೆ ಸಾಲದು, ಚಿರತೆ ಮಾಡಿನ ಮೇಲೂ ಹತ್ತುತ್ತದೆ.

ಉಳಿದದ್ದು ನಿನಗೇ ನನಗಿಂತ ಚೆನ್ನಾಗಿ ಗೊತ್ತು. ಆದರೂ ಒಂದು ಮಾತು. ಮಳೆಗಾಲದಲ್ಲಿ ಕೆಳಗಿನ ಮನೆಯ ಮರಿ ರಕ್ತಭೇದಿಯಾಗಿ ಸತ್ತಿತಲ್ಲ, ಅದು ಪಾರ್ವೋ ಅಂತ ಡಾಕ್ಟ್ರು ಹೇಳಿದ್ದಾರೆ. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೂರ್ನಾಲ್ಕು ವಾರಕ್ಕೊಂದರಂತೆ ಕೊಡುವ ಇಂಜೆಕ್ಷನ್ ಪೂರ್ತಿ ಆಗುವವರೆಗೆ ಮರಿಯನ್ನು ಆ ಕಡೆ ಬಿಡಬೇಡ, ನೀನೂ ಆ ಅಂಗಳ ತುಳಿದ ಚಪ್ಪಲಿಯಲ್ಲೇ ಗೂಡಿಗೆ ಹೋಗಬೇಡ. ಮೂರು ತಿಂಗಳಿಗೆ ರೇಬಿಸ್‌ದು, ಆಮೇಲೆ ವರ್ಷ ವರ್ಷ. ಕೆಂಚನ ಈ ವರ್ಷದ್ದೂ ಬಾಕಿ ಇದೆ, ಒಟ್ಟಿಗೇ ಮಾಡಿಸೋಣ.

ಕೆಂಚನಿಗೆ ಮರಿಯನ್ನು ತೋರಿಸುವುದು ಬೇಲಿಯ ದಣಪೆಯಾಚೆ ರಸ್ತೆಯಲ್ಲಿ. ಅಂಗಳ ಅವನ ರಾಜ್ಯ, ಅಲ್ಲಿಗೇ ನೇರ ತಂದಿಳಿಸಿದರೆ ಮುನಿಸಿಕೊಳ್ಳುತ್ತಾನೆ. ಊಟ ಬೇರೆ ಬೇರೆ ಅಡಿಕೆ ಹಾಳೆಯಲ್ಲಿ, ದೂರ ದೂರ. ಮೊದಲು ಅವನಿಗೆ ಹಾಕು. ಮುದುಕರನ್ನು ಸಮಾಧಾನ ಮಾಡುವುದು ನಿನಗೆ ಕಲಿಸಬೇಕಾಗಿಲ್ಲ, ಅಜ್ಜಿಯನ್ನು ಎಷ್ಟು ಚೆನ್ನಾಗಿ ಒಲಿಸಿಕೊಂಡಿದ್ದೀಯ ಅಂತ ನಿನ್ನೆ ಗೊತ್ತಾಯಿತು. "ಮರಿ ತಂದ್ರೆ ಒಂದು ಹಳೇ ಕಂಬಳಿ ಇದ್ದು" ಅಂದಳು!

ಶನಿವಾರ ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರು. ಇಬ್ಬರೂ ವೆಲ್ಡಿಂಗ್ ಅಂಗಡಿಗೆ ಹೋಗೋಣ, ಟೇಪು ನಾನು ತರುತ್ತೇನೆ. ಅಷ್ಟರೊಳಗೆ ಗೆಳತಿಯ ಮನೆಗೆ ಹೋಗಿ ಮರಿಯ ತಾಯಿಯ ಎತ್ತರ ಅಳೆದುಕೊಂಡು ಬಾ. ಗೂಡನ್ನು ಮರಿಯ ಅಳತೆಗೆ ಮಾಡಿಸಿದರೆ ಆರೇ ತಿಂಗಳಿಗೆ ಸಾಲದಾಗುತ್ತದೆ.

ಅಪ್ಪ

ಮರೆತಿದ್ದೆ. ಕೆಂಚನಿಗೆ ಬಚ್ಚಲ ಒಲೆಯಲ್ಲಿ ಮೊಟ್ಟೆ ಬೇಯಿಸಿ ಕೊಡುತ್ತಿರುವುದು ನನಗೆ ಗೊತ್ತು. ಇನ್ನು ಮೇಲೆ ಎರಡೆರಡು ಬೇಯಬೇಕಾಗುತ್ತದೆ. ಸಿಪ್ಪೆಯನ್ನು ಮಾತ್ರ ಆ ಬೂದಿಯಲ್ಲಿ ಬಿಡಬೇಡ ಮಾರಾಯ್ತಿ, ಪಾತ್ರೆ ತಿಕ್ಕಲು ಅಜ್ಜಿ ಅದನ್ನೇ ಒಯ್ಯುತ್ತಾಳೆ.