ಸೇವೆಯ ಅವಧಿಯನ್ನು ಕಸಿಯಬೇಡಿ

ಮಾನ್ಯರೇ,

ಪರೀಕ್ಷೆ ಹತ್ತಿರವಾದಂತೆ ಕೆಲವು ಕ್ಯಾಥೊಲಿಕ್ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸಮಾಜಸೇವೆಯ ಅವಧಿ ಗಣಿತ, ವಿಜ್ಞಾನದ ಪಾಲಾಗುತ್ತಿದೆ. ಅಂಥದೇ ಶಾಲೆಯಲ್ಲಿ ಓದಿದ ನನಗೆ ಇದು ಬಹಳ ನೋವು ತಂದಿದೆ.

ನಾವು ವಾರಕ್ಕೊಮ್ಮೆ ವೃದ್ಧಾಶ್ರಮಕ್ಕೆ ಹೋಗುತ್ತಿದ್ದೆವು. ಕಣ್ಣು ಮಂಜಾಗಿದ್ದ ಅಜ್ಜಿಯೊಬ್ಬರಿಗೆ ನಾನು ಪತ್ರ ಓದಿ ಹೇಳುತ್ತಿದ್ದೆ. ಪ್ರತಿ ವಾರವೂ ಅದೇ ಪತ್ರ. ಮಡಿಕೆಗಳಲ್ಲಿ ಹರಿದಿದ್ದ, ಮಗ ಎಂದೋ ಬರೆದಿದ್ದ ಎರಡು ಪುಟ. ಕೇಳುವವರ ಮುಖ ನೋಡುತ್ತ ನಿಧಾನವಾಗಿ ಓದುವುದನ್ನು ನಾನು ಕಲಿತದ್ದು ಅಲ್ಲಿ, ಭಾಷಾ ತರಗತಿಯಲ್ಲಲ್ಲ. ಅನ್ಯಧರ್ಮದ ಗೆಳತಿಯರೂ ಜೊತೆಗಿರುತ್ತಿದ್ದರು. ಹೊರಡುವ ಮುನ್ನ ಸಿಸ್ಟರ್ ಪ್ರಾರ್ಥಿಸುವಾಗ ಅವರು ಮೌನವಾಗಿ ನಿಲ್ಲುತ್ತಿದ್ದರು, ಯಾರೂ ಒತ್ತಾಯಿಸುತ್ತಿರಲಿಲ್ಲ.

1535ರಲ್ಲಿ ಇಟಲಿಯ ಬ್ರೆಷಾದಲ್ಲಿ ಏಂಜೆಲಾ ಮೆರಿಚಿ ಕಟ್ಟಿದ ಕ್ಯಾಥೊಲಿಕ್ ಮಹಿಳೆಯರ ಅರ್ಸುಲೈನ್ ಸಂಘ ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕೇ ಹೆಸರಾಯಿತು. ಕ್ಯಾಥೊಲಿಕ್ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಿಕ್ಷಣ ಘೋಷಣೆಯೂ ವ್ಯಕ್ತಿಯನ್ನು ರೂಪಿಸುವುದರ ಜೊತೆಗೆ ಸಮಾಜದ ಒಳಿತನ್ನು ಶಿಕ್ಷಣದ ಗುರಿಯೆಂದೇ ಹೇಳುತ್ತದೆ. ಹೀಗಿರುವಾಗ ಸೇವೆಯನ್ನು ಬಿಡುವಿನ ವೇಳೆಯ ಚಟುವಟಿಕೆಯಂತೆ ಕಾಣುವುದು ಎಷ್ಟು ಸರಿ?

ಆಡಳಿತ ಮಂಡಳಿಗಳು ಆ ಒಂದು ಅವಧಿಯನ್ನು ವೇಳಾಪಟ್ಟಿಗೆ ಮರಳಿಸಲಿ, ಅಂತಿಮ ವರ್ಷದ ವಿದ್ಯಾರ್ಥಿನಿಯರಿಗೂ ಸೇರಿದಂತೆ.

– ಹಳೆಯ ವಿದ್ಯಾರ್ಥಿನಿ